ಆಗರದ ನೀರಿನಲ್ಲಿ ಅಡಗಿದ ಸಂಪತ್ತು

ಉಪ್ಪು ಬೆರೆತ ಪದಾರ್ಥವು ಕೆಡಲಾರದೆಂಬುದು ಜನಜನಿತವಾದ ಮಾತು. ಬೆಲ್ಲದ ಬಾಗೇವಾಡಿಯ ಗೃಹಿಣಿಯು ಉಪ್ಪಿನಕಾಯಿಯ ಭರಣಿಗೆ ಕೈತುಂಬ ಉಪ್ಪು ಸುರಿಯುವುದು ಈ ಭರವಸೆಯಿಂದಲೇ. ಉಪ್ಪು ನೀರನ್ನು ಸೆಳೆದುಕೊಂಡು, ಕೊಳೆಯಿಸುವ ಸೂಕ್ಷ್ಮಜೀವಿಗಳನ್ನು ಬಾಡಿಸುತ್ತದೆ. ಆ ಊರು ತನ್ನ ಹೆಸರಿನಲ್ಲಿ ಹೊತ್ತ ಬೆಲ್ಲವು ಬಹುಕಾಲ ಉಳಿಯುವುದೂ ಇದೇ ನ್ಯಾಯದಿಂದ. ಆದರೆ ಈ ನ್ಯಾಯಕ್ಕೆ ಅಪವಾದವುಂಟು. ಅದನ್ನು ಕಾಣಬೇಕಾದರೆ ವಾಚಕರು ನಮ್ಮೊಡನೆ ಘಟ್ಟವಿಳಿದು ಉಪ್ಪು ಹುಟ್ಟುವ ಸ್ಥಳಕ್ಕೆ ಬರಬೇಕು.

ಕುಮಟಾ ತಾಲೂಕಿನ ಸಾಣಿಕಟ್ಟಾದ ಆಗರಗಳಲ್ಲಿ ಉಪ್ಪುನೀರನ್ನು ಮಡಿಗಳಿಗೆ ಹಾಯಿಸಿ ಬಿಸಿಲಿನಲ್ಲಿ ಬತ್ತಿಸುತ್ತಾರೆ. ಲೀಟರಿಗೆ ಸುಮಾರು 35 ಗ್ರಾಂ ಲವಣವುಳ್ಳ ಸಮುದ್ರಜಲವು ಹತ್ತರಲ್ಲೊಂದು ಪಾಲಿಗೆ ಇಳಿದಾಗ ಉಪ್ಪು ಹರಳುಗಟ್ಟತೊಡಗುತ್ತದೆ. ಇಂಥ ಮಡಿಗಳ ನೀರು ಲೋಕದ ಅನೇಕ ಕಡೆಗಳಲ್ಲಿ ಕೆಂಪೇರುವುದುಂಟು. ಆ ಬಣ್ಣವು ಜೀವಿಗಳದು. ನೆರೆಯ ಮಹಾರಾಷ್ಟ್ರದ ಲೋಣಾರ ಸರೋವರವು 2020ರ ಜೂನ್ ತಿಂಗಳಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿದಾಗ, ಪುಣೆಯ ಅಘಾರ್ಕರ್ ಸಂಶೋಧನ ಸಂಸ್ಥೆಯವರು ಲವಣಪ್ರಿಯ ಸೂಕ್ಷ್ಮಜೀವಿಗಳೇ ಅದಕ್ಕೆ ಕಾರಣವೆಂದು ಕಂಡುಕೊಂಡರು.

ನೋಟಕ್ಕೆ ಒಂದೇ ಕೆಂಪಾದರೂ ಕುಲ ಒಂದೇ ಅಲ್ಲ. ಡ್ಯೂನಾಲಿಯೆಲ್ಲಾ ಎಂಬುದು ಪಾಚಿ, ಗಿಡಮರಗಳ ದೂರದ ದಾಯಾದಿ. ಒಡಲಲ್ಲಿ ಗ್ಲಿಸರಿನ್ ತುಂಬಿಕೊಂಡು ಉಪ್ಪಿನ ಸೆಳೆತವನ್ನು ಎದುರಿಸುತ್ತದೆ. ಹ್ಯಾಲೊಬ್ಯಾಕ್ಟೀರಿಯಮ್ ಎಂಬುದು ಬ್ಯಾಕ್ಟೀರಿಯಗಳಿಂದಲೂ ಭಿನ್ನವಾದ ಆರ್ಕಿಯ ವಂಶಕ್ಕೆ ಸೇರಿದ್ದು. ಪೊಟ್ಯಾಸಿಯಮ್ ಲವಣವನ್ನೇ ಒಳಗೆ ತುಂಬಿಕೊಂಡಿರುತ್ತದೆ. ಸಿಹಿನೀರಿಗೆ ಹಾಕಿದರೆ ಅದು ಒಡೆದು ಸಾಯುತ್ತದೆ.

ಇವುಗಳ ಗಣತಿಯೂ ಸುಲಭವಲ್ಲ. ಸಿನಾಯಿಯ ಉಪ್ಪುಕೊಳದಲ್ಲಿ ಕಂಡ ಚೌಕಾಕಾರದ ಜೀವಿಯೊಂದನ್ನು ಆಂಥೊನಿ ವಾಲ್ಸ್‌ಬಿಯವರು 1980ರಲ್ಲಿ ಪ್ರಕಟಪಡಿಸಿದರು. ಅದನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದ ವಾರ್ತೆಗೆ 2004ರವರೆಗೆ ಕಾಯಬೇಕಾಯಿತು. ಬೆಳೆಯದ ಜೀವಿಗಳನ್ನು ಈಗ ನೀರಿನಿಂದಲೇ ವಂಶವಾಹಿಗಳನ್ನು ತೆಗೆದು ಓದಿ ಗುರುತಿಸುತ್ತಾರೆ. ಹಾಗೆ ಓದಿದಾಗ ಒಂದೇ ಜಾತಿಯೊಳಗೂ ಹಲವು ತಳಿಗಳಿರುವುದು ಗೊತ್ತಾಗುತ್ತದೆ.

ಇದರಿಂದ ನಮಗೇನು ಎಂದು ಕೇಳುವವರುಂಟು. ಘಟಪ್ರಭೆಯ ಕಾಲುವೆಯ ಕೆಳಗೆ ಹೊಲ ಸವಳಾಗುವ ಸಂಕಟವನ್ನು ಗೋಕಾಕ, ಮೂಡಲಗಿಯ ರೈತರು ಬಲ್ಲರು. ಉಪ್ಪಿನ ನಡುವೆ ಬದುಕುವ ವಿದ್ಯೆಯು ಯಾರ ಒಡಲಲ್ಲಿ ಬರೆದಿದೆಯೋ ಅವರಿಂದಲೇ ಅದನ್ನು ಕಲಿಯಬೇಕಲ್ಲವೆ? ಆದುದರಿಂದ ನಮ್ಮ ವಿಶ್ವವಿದ್ಯಾಲಯಗಳು ಕರಾವಳಿಯ ಆಗರಗಳ ಜೀವಿಗಳನ್ನು ಮಡಿ ಮಡಿಯಾಗಿ, ಋತು ಋತುವಿಗೆ ಪರೀಕ್ಷಿಸಿ ದಾಖಲೆ ಮಾಡತಕ್ಕದ್ದು. ಸರಕಾರವು ಆಗರಗಳನ್ನು ಬಂಜರೆಂದು ಎಣಿಸದೆ ಕಾಯತಕ್ಕದ್ದು. ಆಗರ ಮುಚ್ಚಿದರೆ ಉಪ್ಪನ್ನು ಗುಜರಾತಿನಿಂದ ತರಿಸಬಹುದು. ಅಲ್ಲಿ ಅಳಿದ ತಳಿಯನ್ನು ಯಾವ ಅಂಗಡಿಯಿಂದಲೂ ತರಿಸಲಾಗದು.