ಜೀವಕೋಶದ ಮುಪ್ಪು: ಒಂದು ವಿವೇಚನೆ

ಶಾಪದಿಂದ ಬಂದ ಮುಪ್ಪನ್ನು ಯಯಾತಿಯು ಮಗನಾದ ಪೂರುವಿಗೆ ಕೊಟ್ಟು ಅವನ ಯೌವನವನ್ನು ಪಡೆದ ಕಥೆ ಸುಪರಿಚಿತವಾದುದು. ಈ ಕಥೆಯಲ್ಲಿ ಮುಪ್ಪು ನಾಶವಾಗುವುದಿಲ್ಲ; ಅದನ್ನು ಯಾರಾದರೊಬ್ಬರು ಹೊರಲೇಬೇಕಾಗುತ್ತದೆ. ಜೀವಕೋಶಗಳ ಮುಪ್ಪನ್ನು ಕುರಿತ ಸಂಶೋಧನೆಗಳನ್ನು ಪರಿಶೀಲಿಸುವಾಗ ಜಾನಪದ ಅಭ್ಯಾಸಿಗೆ ಈ ಆಶಯ ನೆನಪಾಗುವುದು ಸಹಜ.

ದೇಹದಿಂದ ಬೇರ್ಪಡಿಸಿ ಬೆಳೆಸಿದ ಕೋಶಗಳಿಗೆ ಸಾವಿಲ್ಲವೆಂಬ ನಂಬಿಕೆ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ವಿಜ್ಞಾನಿಗಳಲ್ಲಿ ಬೇರೂರಿತ್ತು. 1961ರಲ್ಲಿ ಅಮೆರಿಕದ ವಿಸ್ಟಾರ್ ಸಂಸ್ಥೆಯ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಅದನ್ನು ಅಲ್ಲಗಳೆದರು. ಮಾನವ ಭ್ರೂಣದ ಕೋಶಗಳು ಸುಮಾರು 50 ಬಾರಿ ಇಮ್ಮಡಿಯಾದ ಮೇಲೆ ವಿಭಜನೆಯನ್ನು ನಿಲ್ಲಿಸುತ್ತವೆ, ಆದರೂ ಬದುಕಿರುತ್ತವೆ. ವರ್ಣತಂತುಗಳ ತುದಿಯನ್ನು ಕಾಯುವ ಟೆಲೊಮಿಯರ್ ಎಂಬ ಭಾಗ ಪ್ರತಿ ವಿಭಜನೆಯಲ್ಲಿಯೂ ಕಿರಿದಾಗುವುದೇ ಇದಕ್ಕೆ ಮುಖ್ಯ ಕಾರಣ. ಈ ತುದಿಯನ್ನು ಮತ್ತೆ ಬೆಳೆಸುವ ಟೆಲೊಮರೇಸ್ ಕಿಣ್ವವನ್ನು ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಕ್ಯಾರಲ್ ಗ್ರೈಡರ್ 1984ರಲ್ಲಿ ಗುರುತಿಸಿದರು. ಜಾಕ್ ಶೋಸ್ತಾಕ್ ಅವರೊಡನೆ 2009ರ ನೊಬೆಲ್ ಪ್ರಶಸ್ತಿಗೆ ಪಾತ್ರರಾದರು.

ಹಾಗಾದರೆ ಆ ಕಿಣ್ವವನ್ನು ಎಲ್ಲ ಕೋಶಗಳಲ್ಲಿಯೂ ಜಾಗೃತಗೊಳಿಸಿದರೆ ಮುಪ್ಪು ನೀಗೀತೆ? ಉತ್ತರ ಅಷ್ಟು ಸರಳವಲ್ಲ. ಬಹುಪಾಲು ಕ್ಯಾನ್ಸರ್ ಕೋಶಗಳು ಮಿತಿಯಿಲ್ಲದೆ ವೃದ್ಧಿಸುವುದು ಇದೇ ಕಿಣ್ವದ ಬಲದಿಂದ. ಆದುದರಿಂದ ಕೋಶದ ಮುಪ್ಪನ್ನು ಗಂತಿ ಬೆಳೆಯದಂತೆ ದೇಹ ಹಾಕಿಕೊಂಡ ಕಡಿವಾಣವೆಂದೇ ತಿಳಿಯಬೇಕಾಗುತ್ತದೆ.

ಈ ಕಡಿವಾಣಕ್ಕೂ ಬೆಲೆಯಿದೆ. ಮುಪ್ಪಡರಿದ ಕೋಶಗಳು ಉರಿಯೂತವನ್ನುಂಟುಮಾಡುವ ವಸ್ತುಗಳನ್ನು ಸ್ರವಿಸುತ್ತವೆ. ಅವುಗಳ ಸೆಳೆತಕ್ಕೆ ಬಂದ ರೋಗನಿರೋಧಕ ಕೋಶಗಳು ಮುಪ್ಪಿನ ಕೋಶಗಳನ್ನು ತೆರವುಗೊಳಿಸುತ್ತವೆ. ಆದರೆ ವಯಸ್ಸಾದಂತೆ ರೋಗನಿರೋಧಕ ವ್ಯವಸ್ಥೆಯೂ ಕುಗ್ಗುತ್ತದೆ. ಟಿ-ಕೋಶಗಳು ಪಕ್ವಗೊಳ್ಳುವ ಥೈಮಸ್ ಗ್ರಂಥಿ ಹರೆಯದ ನಂತರ ಕ್ಷೀಣಿಸುತ್ತ ಹೋಗುತ್ತದೆ. ತೆರವಾಗದೆ ಉಳಿದ ಕೋಶಗಳಿಗೂ ಸಂಧಿವಾತ, ರಕ್ತನಾಳಗಳ ಪೆಡಸುತನ ಮೊದಲಾದವುಗಳಿಗೂ ಇರುವ ಸಂಬಂಧವನ್ನು ಸಂಶೋಧಕರು ಗುರುತಿಸಿದ್ದಾರೆ. ಅಕಾಲ ಮುಪ್ಪಿನ ಇಲಿಗಳಲ್ಲಿ ಇಂತಹ ಕೋಶಗಳನ್ನು ನಿವಾರಿಸಿದಾಗ ಕೆಲವು ವೃದ್ಧಾಪ್ಯ ಲಕ್ಷಣಗಳು ತಡವಾಗಿ ಕಾಣಿಸಿಕೊಂಡುವೆಂದು 2011ರಲ್ಲಿ ಮೇಯೊ ಕ್ಲಿನಿಕ್ಕಿನ ತಂಡ ವರದಿಮಾಡಿತು. ಗಾಯ ಮಾಯುವುದಕ್ಕೆ ಇದೇ ಕೋಶಗಳು ನೆರವಾಗುತ್ತವೆಂಬುದನ್ನು 2014ರ ಮತ್ತೊಂದು ಇಲಿ ಪ್ರಯೋಗ ತೋರಿಸಿತು.

ಯೌವನವನ್ನು ಮಾರುವ ಇಂದಿನ ಜಾಹೀರಾತುಗಳು ಮರೆಮಾಚುವುದು ಈ ಕೊಡುಕೊಳೆಯನ್ನೇ. ಯಯಾತಿ ಕೊನೆಗೆ ಮಗನ ಯೌವನವನ್ನು ಹಿಂದಿರುಗಿಸಿ ತನ್ನ ಮುಪ್ಪನ್ನು ತಾನೇ ಹೊತ್ತನು. ಮುಪ್ಪನ್ನು ನೀಗುವುದೆಂದು ಹೇಳಲಾಗುವ ಪ್ರತಿಯೊಂದು ಚಿಕಿತ್ಸೆಯ ಬಗೆಗೂ ಕೇಳಬೇಕಾದ ಪ್ರಶ್ನೆ ಒಂದೇ: ಅದರ ಹೊರೆ ದೇಹದ ಯಾವ ಪೂರುವಿನ ಮೇಲೆ ಬೀಳುತ್ತದೆ?