ಮೋಟಾರಿನ ಮುಂದೀಪ: ಬಿಚ್ಚುವ ಮುನ್ನ, ಮುಚ್ಚಿದ ಮೇಲೆ

ಕಳಂಬೋಲಿಯು ದಾರಿಗಳು ಕೂಡುವ ಊರು. ಸಿಡ್ಕೋ ಸಂಸ್ಥೆಯು ನವಿ ಮುಂಬಯಿಯ ಅಂಗವಾಗಿ ಬೆಳೆಸಿದ ಈ ಊರಿನಲ್ಲಿ ಉಕ್ಕಿನ ಮಾರುಕಟ್ಟೆಯಿದೆ, ಲಾರಿಗಳ ದಟ್ಟಣೆಯಿದೆ, ಮಗ್ಗುಲಲ್ಲೇ ಸಯನ್–ಪನ್ವೇಲ್ ಹೆದ್ದಾರಿಯಿದೆ. 2002ರಲ್ಲಿ ಪೂರ್ಣವಾಗಿ ತೆರೆದ, ಸುಮಾರು 94.5 ಕಿಲೋಮೀಟರ್ ಉದ್ದದ ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇ ಇಲ್ಲಿಂದಲೇ ಆರಂಭವಾಗುತ್ತದೆ. ನೆರೆಯ ಪನ್ವೇಲಿನಿಂದ ಹೊರಡುವ 66ನೆಯ ರಾಷ್ಟ್ರೀಯ ಹೆದ್ದಾರಿಯು ಕೊಂಕಣವನ್ನು ಹಾದು ಕಾರವಾರ, ಉಡುಪಿ, ಮಂಗಳೂರುಗಳನ್ನು ಮುಟ್ಟುತ್ತದೆ. ಪುಣೆಯ ದಾರಿಯಾದರೋ ಕೊಲ್ಲಾಪುರದ ಮೂಲಕ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆಗಳತ್ತ ಸಾಗುತ್ತದೆ. ಆದುದರಿಂದ ಚೌತಿಗೋ, ಜಾತ್ರೆಗೋ, ಮದುವೆಗೋ ಊರಿಗೆ ಹೊರಟ ಕನ್ನಡಿಗರ ಕಾರುಗಳು ಮಹಾನಗರದ ಬೀದಿದೀಪಗಳನ್ನು ಹಿಂದಿಕ್ಕಿ ಕತ್ತಲೆಯ ದಾರಿಯನ್ನು ಹಿಡಿಯುವುದು ಇದೇ ಆಸುಪಾಸಿನಲ್ಲಿ.

ಮಳೆಗಾಲದ ರಾತ್ರಿ ಇಂತಹ ದಾರಿಯಲ್ಲಿ ಒಮ್ಮೆ ಹೋಗಿಬಂದವರಿಗೆ ಕಾರಿನ ಹೆಡ್‌ಲೈಟಿನ ಬೆಳಕು ಸಾಲದೆನಿಸುವುದು ಸಹಜ. ಬೆಳಕನ್ನು ಹೆಚ್ಚಿಸುವ ಬಲ್ಬು, ಎಲ್‌ಇಡಿ, ಪ್ರೊಜೆಕ್ಟರುಗಳು ಅಂಗಡಿಗಳಲ್ಲಿ ಸುಲಭವಾಗಿ ದೊರೆಯುತ್ತವೆ. ಕೈಕೆಲಸದಲ್ಲಿ ಆಸಕ್ತಿಯುಳ್ಳ ತರುಣರು ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲೇ ದೀಪವನ್ನು ಬಿಚ್ಚಲು ಕೂಡುತ್ತಾರೆ. ಆ ಕೆಲಸದಲ್ಲಿ ಅಪಾಯಕ್ಕೆ ಒಳಗಾಗುವುದು ಬಿಚ್ಚುವವನ ಕೈ ಮಾತ್ರವಲ್ಲ. ಎದುರಿನಿಂದ ಬರುವ ಅಪರಿಚಿತನ ಕಣ್ಣು ಕೂಡ. ದೀಪವು ಎಷ್ಟು ಉರಿಯುತ್ತದೆ ಎಂಬುದಕ್ಕಿಂತ ಅದರ ಬೆಳಕು ಎಲ್ಲಿ ಬೀಳುತ್ತದೆ ಎಂಬುದೇ ಇಲ್ಲಿ ಮುಖ್ಯವಾದುದು.

ದೀಪದ ಒಳಗುಟ್ಟು

ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ, 2014ರವರೆಗೆ ತಯಾರಾದ ಅಂಬಾಸಡರ್ ಇವುಗಳ ಮುಂದೀಪ ದುಂಡಗಿನ ಗಾಜಿನದು. ಹೊರಗಿನ ಬಳೆಯನ್ನು ತೆಗೆದರೆ ದೀಪ ಕೈಗೆ ಬರುತ್ತಿತ್ತು. ಇಂದಿನ ದೀಪಗಳ ಮುಂಭಾಗ ಪಾಲಿಕಾರ್ಬನೇಟ್ ಎಂಬ ಪ್ಲಾಸ್ಟಿಕ್ಕಿನದು. ಅದನ್ನು ಹಿಂದಿನ ಪೆಟ್ಟಿಗೆಗೆ ಅಂಟಿನಿಂದ ಬಿಗಿದಿರುತ್ತಾರೆ. ಒಳಗೆ ಅಲ್ಯೂಮಿನಿಯಮ್ಮಿನ ಅತಿ ತೆಳುವಾದ ಲೇಪವುಳ್ಳ ರಿಫ್ಲೆಕ್ಟರ್ ಇರುತ್ತದೆ. 1971ರಲ್ಲಿ ಬಂದ ಎಚ್4 ಎಂಬ ಹ್ಯಾಲೊಜೆನ್ ಬಲ್ಬಿನಲ್ಲಿ 60 ವಾಟಿನ ಅಪ್ಪರ್, 55 ವಾಟಿನ ಡಿಪ್ಪರ್ ಎಂದು ಎರಡು ತಂತಿಗಳಿವೆ. ಆ ತಂತಿಯು ನಿಲ್ಲುವ ಜಾಗಕ್ಕೆ ಅನುಗುಣವಾಗಿಯೇ ರಿಫ್ಲೆಕ್ಟರಿನ ಬಾಗುಗಳನ್ನು ರೂಪಿಸಿರುತ್ತಾರೆ. ಬೆಳಕಿನ ಮೂಲವು ಒಂದೆರಡು ಮಿಲಿಮೀಟರ್ ಸರಿದರೂ ರಸ್ತೆಯ ಮೇಲೆ ಬೀಳಬೇಕಾದ ಬೆಳಕು ಮೇಲಕ್ಕೆ ಚದುರುತ್ತದೆ. ಹ್ಯಾಲೊಜೆನ್ನಿಗಾಗಿ ಮಾಡಿದ ದೀಪಕ್ಕೆ ಯಾವುದೋ ಎಲ್‌ಇಡಿಯನ್ನು ತುರುಕಿದಾಗ ಆಗುವ ಕೇಡು ಇದೇ. ಕಾರಿನೊಳಗೆ ಕುಳಿತವನಿಗೆ ಎಲ್ಲವೂ ಬೆಳ್ಳಗೆ ತೋರಿ ಸಂತೋಷವಾಗುತ್ತದೆ. ಎದುರಿನವನಿಗೆ ಕಣ್ಣು ಕತ್ತಲಿಡುತ್ತದೆ.

ಬಿಚ್ಚದೆಯೇ ಆಗುವ ಉಪಾಯಗಳು

ಮಂಕಾದ ದೀಪಗಳಲ್ಲಿ ಹಲವಕ್ಕೆ ಒಳಗೆ ಯಾವ ದೋಷವೂ ಇರುವುದಿಲ್ಲ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಪ್ಲಾಸ್ಟಿಕ್ಕಿನ ರಕ್ಷಣಾಲೇಪ ನಶಿಸಿ ಹೊರಮೈ ಹಳದಿಗಟ್ಟಿರುತ್ತದೆ. ನೀರಿನಲ್ಲಿ ನೆನೆಸಿದ ನಯವಾದ ಉಜ್ಜುಕಾಗದದಿಂದ ಮೊದಲು 800, ಬಳಿಕ 2000 ನಂಬರಿನವರೆಗೆ ಕ್ರಮವಾಗಿ ತಿಕ್ಕಿ, ಪಾಲಿಶ್ ಮಾಡಿ, ಅತಿನೇರಳೆ ಕಿರಣವನ್ನು ತಡೆಯುವ ಲೇಪವನ್ನು ಕೊಟ್ಟರೆ ದೀಪ ಮರಳಿ ತಿಳಿಯಾಗುತ್ತದೆ. ಲೇಪವನ್ನು ಕೊಡದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ ಬರುತ್ತದೆ.

ಎರಡನೆಯದು ವೈರಿಂಗು. ಹಳೆಯ ತಂತಿ, ತುಕ್ಕು ಹಿಡಿದ ಜೋಡಣೆಗಳಿಂದ ಬಲ್ಬಿಗೆ ತಲುಪುವ ವೋಲ್ಟೇಜು ಶೇಕಡಾ 10ರಷ್ಟು ಇಳಿದರೆ ಹ್ಯಾಲೊಜೆನ್ನಿನ ಬೆಳಕು ಸುಮಾರು ಶೇಕಡಾ 30ರಷ್ಟು ಕುಂದುತ್ತದೆ. ಜೋಡಣೆಗಳನ್ನು ಶುಚಿಗೊಳಿಸಿದರೆ ಅಥವಾ ತಿಳಿದ ಎಲೆಕ್ಟ್ರಿಷಿಯನ್‌ನಿಂದ ಫ್ಯೂಸ್ ಸಹಿತ ರಿಲೇ ಹಾಕಿಸಿದರೆ ಹಳೆಯ ಬಲ್ಬೇ ಹೊಸದರಂತೆ ಉರಿಯುತ್ತದೆ. ಇದಕ್ಕೆ ಬದಲಾಗಿ 100 ವಾಟಿನ ಬಲ್ಬನ್ನು ಹಾಕುವುದು ಹಾನಿಕರ. 60 ವಾಟಿಗೆ 12 ವೋಲ್ಟಿನಲ್ಲಿ 5 ಆಂಪಿಯರ್ ಹರಿಯುವ ತಂತಿಯಲ್ಲಿ ಆಗ 8 ಆಂಪಿಯರಿಗೂ ಹೆಚ್ಚು ಹರಿಯುತ್ತದೆ. ಹೋಲ್ಡರು ಕರಗುತ್ತದೆ, ರಿಫ್ಲೆಕ್ಟರು ಸುಡುತ್ತದೆ.

ಬಿಚ್ಚಲೇಬೇಕಾದಾಗ

ಒಳಗೆ ನೀರು ನಿಂತಿದ್ದರೆ, ರಿಫ್ಲೆಕ್ಟರು ಕಳಚಿದ್ದರೆ ಅಥವಾ ಲೆನ್ಸು ಒಡೆದಿದ್ದರೆ ದೀಪವನ್ನು ತೆರೆಯುವುದು ಅನಿವಾರ್ಯವಾಗಬಹುದು. ಮೊದಲು ದೀಪವನ್ನು ಆರಿಸಿ, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿಡಬೇಕು. ಉರಿಯುವ ಹ್ಯಾಲೊಜೆನ್ ಬಲ್ಬಿನ ಗಾಜು ಕೆಲವು ನೂರು ಡಿಗ್ರಿ ಸೆಲ್ಸಿಯಸ್ ಕಾದಿರುತ್ತದೆ, ಒಳಗಿನ ಅನಿಲವೂ ಒತ್ತಡದಲ್ಲಿರುತ್ತದೆ. ಪೂರ್ಣ ತಣಿಯುವವರೆಗೆ ಮುಟ್ಟಬಾರದು. ತಣಿದ ಮೇಲೂ ಬಲ್ಬಿನ ಗಾಜಿಗೆ ಬೆರಳು ತಗಲಿಸಬಾರದು. ಬೆರಳಿನ ಜಿಡ್ಡಿದ್ದಲ್ಲಿ ಶಾಖ ಹೆಚ್ಚಿ ಅದು ಸಿಡಿಯುವ ಸಂಭವವಿದೆ. ಕ್ಸೆನಾನ್ ದೀಪವನ್ನಂತೂ ಮನೆಯಲ್ಲಿ ಬಿಚ್ಚಬಾರದು. ಅದು ಹೊತ್ತಿಕೊಳ್ಳುವ ಕ್ಷಣದಲ್ಲಿ 20 ಸಾವಿರ ವೋಲ್ಟಿಗೂ ಮಿಗಿಲಾದ ವಿದ್ಯುತ್ತು ಹರಿಯುತ್ತದೆ.

ಬಳಿಕ ಅಂಟನ್ನು ಪರೀಕ್ಷಿಸಬೇಕು. ಒತ್ತಿದರೆ ತಗ್ಗುವ, ಕೈಗೆ ಹತ್ತುವ ಕರಿಯ ಅಂಟು ಬ್ಯೂಟೈಲ್ ರಬ್ಬರಿನದು. ಅದು ಶಾಖಕ್ಕೆ ಮೆತ್ತಗಾಗುತ್ತದೆ. ಅಂಟು ಗಟ್ಟಿಯಾಗಿ, ಶಾಖಕ್ಕೆ ಬಗ್ಗದೆ ಇದ್ದರೆ ಕೆಲಸವನ್ನು ಅಲ್ಲಿಗೇ ಬಿಡುವುದು ಜಾಣತನ. ಬಲ ಪ್ರಯೋಗಿಸಿದರೆ ಲೆನ್ಸು ಸೀಳಿ, ಉಪಕರಣ ಜಾರಿ ಅಂಗೈಗೆ ನಾಟುತ್ತದೆ.

ಬ್ಯೂಟೈಲ್ ಇರುವಲ್ಲಿ ಅಂಚಿನ ಸ್ಕ್ರೂ, ಕ್ಲಿಪ್ಪುಗಳನ್ನೆಲ್ಲ ತೆಗೆದ ಮೇಲೆ ಅಂಚಿಗೆ ಮಾತ್ರ ಶಾಖ ಕೊಡಬೇಕು. 100 ಡಿಗ್ರಿಯ ಆಸುಪಾಸಿನಲ್ಲಿ ಅಂಟು ಸಡಿಲಗೊಳ್ಳುತ್ತದೆ. ಪಾಲಿಕಾರ್ಬನೇಟ್ ಸುಮಾರು 147 ಡಿಗ್ರಿಗೆ ಮೆದುವಾಗುತ್ತದೆ. ಹಿಂದಿನ ಪೆಟ್ಟಿಗೆಯು ಅದಕ್ಕೂ ಮೊದಲೇ ಸೊಟ್ಟಗಾಗಬಹುದು. ಬಿಸಿಗಾಳಿಯ ಗನ್ನಿನ ಬಾಯಲ್ಲಿ 500 ಡಿಗ್ರಿಗೂ ಮೀರಿದ ಶಾಖ ಬರಬಲ್ಲುದಾದ್ದರಿಂದ ಅದನ್ನು ದೂರದಲ್ಲಿ ಹಿಡಿದು, ಒಂದೆಡೆ ನಿಲ್ಲಿಸದೆ ಆಡಿಸುತ್ತಿರಬೇಕು. ಗ್ಯಾಸ್ ಒಲೆಯ ಜ್ವಾಲೆ ಸರ್ವಥಾ ವರ್ಜ್ಯ. ಅಡುಗೆಯ ಓವನ್ನಿನಲ್ಲಿ ದೀಪವನ್ನಿಡುವ ರೂಢಿಯೂ ಒಳ್ಳೆಯದಲ್ಲ. ಪ್ಲಾಸ್ಟಿಕ್ಕು, ಅಂಟುಗಳ ಆವಿ ಉಣ್ಣುವ ಪದಾರ್ಥದ ಜಾಗದಲ್ಲಿ ಕೂಡಬಾರದು. ಶಾಖ ತಡೆಯುವ ಕೈಗವಸು, ಕಣ್ಣಿಗೆ ರಕ್ಷಣಾ ಕನ್ನಡಕ, ಗಾಳಿಯಾಡುವ ಸ್ಥಳ, ಮಕ್ಕಳಿಂದ ದೂರ, ಇವು ನಾಲ್ಕೂ ಅಗತ್ಯ. ತೀಡಲು ಲೋಹದ ಚಾಕುವಿಗಿಂತ ಪ್ಲಾಸ್ಟಿಕ್ಕಿನ ಪಟ್ಟಿ ಮೇಲು. ರಿಫ್ಲೆಕ್ಟರಿನ ಹೊಳಪನ್ನು ಬಟ್ಟೆಯಿಂದ ಒರೆಸಬಾರದು. ಆ ಲೇಪ ಕಿತ್ತರೆ ಮತ್ತೆ ಬರದು.

ಕೈ ಸುಟ್ಟರೆ ತಕ್ಷಣವೇ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಮಂಜುಗಡ್ಡೆ, ಟೂತ್‌ಪೇಸ್ಟ್, ಅರಿಸಿನ, ಶಾಯಿ ಯಾವುದನ್ನೂ ಹಚ್ಚಬಾರದು. ಬೊಬ್ಬೆಯನ್ನು ಒಡೆಯಬಾರದು. ಕಣ್ಣಿಗೆ ಚೂರು ಬಿದ್ದರೆ ಉಜ್ಜದೆ ವೈದ್ಯರಲ್ಲಿಗೆ ಹೋಗಬೇಕು.

ಮುಚ್ಚುವ ಕೆಲಸವೇ ಕಠಿಣ

ಹಳೆಯ ಅಂಟನ್ನು ಗಾಡಿಯಿಂದ ಪೂರ್ಣ ತೆಗೆದು, ಹೊಸ ಬ್ಯೂಟೈಲ್ ಪಟ್ಟಿಯನ್ನು ಸಂದಿಲ್ಲದಂತೆ ಕೂರಿಸಿ, ತುಸು ಬಿಸಿಮಾಡಿ, ಎಲ್ಲ ಕಡೆಯಿಂದಲೂ ಸಮನಾಗಿ ಅದುಮಬೇಕು. ದೀಪಕ್ಕೆ ಉಸಿರಾಟದ ಸಣ್ಣ ರಂಧ್ರಗಳಿರುತ್ತವೆ. ಅವನ್ನು ಅಂಟಿನಿಂದ ಮುಚ್ಚಿದರೆ ಒಳಗೆ ತೇವ ನಿಲ್ಲುತ್ತದೆ. ಕಾರಿಗೆ ಕೂರಿಸುವ ಮುನ್ನವೇ ನೀರು ಚಿಮುಕಿಸಿ ಪರೀಕ್ಷಿಸುವುದು ಲೇಸು. ಕೊಂಕಣದ ಮಳೆ ಸೂಜಿಮೊನೆಯಷ್ಟು ಸಂದನ್ನೂ ಬಿಡುವುದಿಲ್ಲ.

ಅನಂತರ ಗುರಿ. ಕಾರನ್ನು ಸಮತಟ್ಟಾದ ನೆಲದಲ್ಲಿ ಗೋಡೆಯಿಂದ 7.5 ಮೀಟರ್ ದೂರ ನಿಲ್ಲಿಸಿ, ಟಯರುಗಳ ಗಾಳಿಯನ್ನು ಸರಿಪಡಿಸಿ, ದೀಪದ ನಡುವಿನ ಎತ್ತರವನ್ನು ಗೋಡೆಯ ಮೇಲೆ ಗುರುತಿಸಬೇಕು. ಡಿಪ್ಪರಿನ ಬೆಳಕಿನ ಮೇಲಂಚು ಆ ಗುರುತಿನಿಂದ ಸುಮಾರು 7.5 ಸೆಂಟಿಮೀಟರ್ ಕೆಳಗೆ ಬೀಳಬೇಕು. ಭಾರತದಲ್ಲಿ ವಾಹನಗಳು ಎಡಕ್ಕೆ ಸಾಗುವುದರಿಂದ ಆ ಅಂಚು ಎಡಗಡೆ ಮಾತ್ರ ಮೇಲೇರಿರಬೇಕು. ಬಲಕ್ಕೆ ಸಾಗುವ ದೇಶಗಳಿಗಾಗಿ ಮಾಡಿದ ಪ್ರೊಜೆಕ್ಟರನ್ನು ತಿಳಿಯದೆ ಕೊಂಡು ಹಾಕಿದರೆ ಏರಿದ ಬೆಳಕು ನೇರವಾಗಿ ಎದುರಿನವರ ಮುಖಕ್ಕೆ ಹೊಡೆಯುತ್ತದೆ.

ಕಣ್ಣಿನ ಮಾತು

ಕತ್ತಲೆಗೆ ಪೂರ್ಣ ಹೊಂದಿಕೊಳ್ಳಲು ಕಣ್ಣಿಗೆ 20ರಿಂದ 30 ನಿಮಿಷ ಬೇಕು. ಆ ಹೊಂದಿಕೆಯನ್ನು ಕೆಡಿಸಲು ಒಂದು ಕ್ಷಣ ಸಾಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಕಣ್ಣು ಕೋರೈಸಿ ಮೂರು ಸೆಕೆಂಡು ದಾರಿ ಕಾಣದಿದ್ದರೆ 50 ಮೀಟರ್ ದೂರ ಕುರುಡಾಗಿ ನಡೆದಂತೆ. ವಯಸ್ಸಾದಂತೆ ಕಣ್ಣುಪಾಪೆ ಕಿರಿದಾಗಿ, ಮಸೂರ ಮಬ್ಬಾಗುತ್ತದೆ. 60ರ ವಯಸ್ಸಿನವರ ಅಕ್ಷಿಪಟಲಕ್ಕೆ ತಲುಪುವ ಬೆಳಕು 20ರ ತರುಣನದರ ಸುಮಾರು ಮೂರನೆಯ ಒಂದು ಪಾಲು ಮಾತ್ರ. ಪೊರೆ ಬರತೊಡಗಿದ ಕಣ್ಣಿನಲ್ಲಿ ಎದುರಿನ ಬೆಳಕು ಚದುರಿ ಪರದೆಯಂತೆ ಹರಡುತ್ತದೆ. ಆದ್ದರಿಂದ ದೀಪ ಮಂಕಾಯಿತೆಂದು ದೂರುವ ಹಿರಿಯರು ಗ್ಯಾರೇಜಿಗೆ ಹೋಗುವ ಮುನ್ನ ಕಣ್ಣಿನ ವೈದ್ಯರಲ್ಲಿಗೆ ಹೋಗುವುದು ಒಳ್ಳೆಯದು. ಮಧುಮೇಹಿಗಳಿಗೆ ವರ್ಷಕ್ಕೊಮ್ಮೆ ಕಣ್ಣಿನ ತಪಾಸಣೆ ಅತ್ಯಗತ್ಯ.

ಕಾನೂನೂ ಇದನ್ನೇ ಹೇಳುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮುಂದೀಪದ ಕಿರಣವು ಕೆಳಮುಖವಾಗಿದ್ದು, 8 ಮೀಟರ್ ಮುಂದೆ, 1.5 ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕೋರೈಸಕೂಡದು. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪಿತ್ತಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡವನ್ನೋ ಆರು ತಿಂಗಳವರೆಗಿನ ಸೆರೆಯನ್ನೋ ವಿಧಿಸಿದೆ.

ದೀಪವನ್ನು ಶುಚಿಯಾಗಿಡುವುದು, ತಂತಿಯನ್ನು ಸರಿಪಡಿಸುವುದು, ಗುರಿಯನ್ನು ನೋಡಿಕೊಳ್ಳುವುದು, ಎದುರಿಗೆ ವಾಹನ ಕಂಡೊಡನೆ ಡಿಪ್ಪರಿಗೆ ಇಳಿಸುವುದು, ಇಷ್ಟು ಮಾಡುವವನಿಗೆ ದೀಪವನ್ನು ಬಿಚ್ಚುವ ಪ್ರಸಂಗವೇ ವಿರಳ. ಬಿಚ್ಚಿದವನಾದರೂ ಗೋಡೆಯ ಮೇಲಿನ ಗುರುತನ್ನು ನೋಡದೆ ರಸ್ತೆಗೆ ಇಳಿಯತಕ್ಕದ್ದಲ್ಲ. ಊರಿನ ದಾರಿಯಲ್ಲಿ ಎದುರಾಗುವ ವಾಹನದಲ್ಲಿಯೂ ಯಾರದೋ ತಾಯಿತಂದೆಯರು, ಮಕ್ಕಳು ಮನೆಗೆ ಮರಳುತ್ತಿರುತ್ತಾರೆ. ಅವರಿಗೂ ದಾರಿ ಕಾಣುವಂತೆ ಉರಿಯುವುದೇ ಒಳ್ಳೆಯ ದೀಪ.