ಯಾರ ಮನೆಯೂ ಅಲ್ಲದ ಮನೆ

ತಮಿಳುನಾಡಿನ ಕಾಂಗೇಯಂ ಎಂದ ಕೂಡಲೇ ಕಣ್ಣಮುಂದೆ ಬರುವುದು ಗಟ್ಟಿ ಕೊಂಬಿನ, ಬೂದು ಮೈಯ ಎತ್ತು. ಆಮೇಲೆ ಶಿವನ್‌ಮಲೈ ಬೆಟ್ಟದ ಮುರುಗನ ಗುಡಿ, ಕೊಬ್ಬರಿ ಒಣಗುವ ಕಣಗಳು, ಎಣ್ಣೆ ಗಿರಣಿಗಳು. ಪಕ್ಕದ ಪಡಿಯೂರಿನ ಬೆರಿಲ್ ಹರಳಿನ ಜಾಡು ಹಿಡಿದು ಚರಿತ್ರೆಕಾರರು ರೋಮಿನವರೆಗೂ ಹೋಗಿದ್ದಾರೆ. ಈ ಸೀಮೆಯ ಹೆಮ್ಮೆಯ ಪಟ್ಟಿಯಲ್ಲಿ ಕೇರಿಯ ಹಳೆಯ ಶಾಲೆಗೆ ಮಾತ್ರ ಜಾಗವಿಲ್ಲ. ಒಂದೆರಡು ಕೋಣೆ, ಮುಂದೊಂದು ಜಗಲಿ, ಮೇಲೆ ಹಂಚು. ಇದರಲ್ಲಿ ಉಳಿಸಿಕೊಳ್ಳುವಂಥದ್ದು ಏನಿದೆ ಎಂದು ಕೇಳುವವರೇ ಹೆಚ್ಚು. ಇದೆ. ಗೋಪುರಕ್ಕೂ ಅರಮನೆಗೂ ಇಲ್ಲದ ಹಿರಿಮೆಯೊಂದು ಈ ಪುಟ್ಟ ಕಟ್ಟಡಕ್ಕಿದೆ.

ಕನ್ನಡಿಗರಿಗೆ ಇದು ಪರನಾಡಿನ ಸಂಗತಿಯೂ ಅಲ್ಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಕಾಂಗೇಯಂ ಕೂಡ ಅದೇ ಜಿಲ್ಲೆಯಲ್ಲಿತ್ತು. 1979ರಲ್ಲಿ ಈರೋಡಿಗೆ, 2009ರಲ್ಲಿ ತಿರುಪ್ಪೂರಿಗೆ ಹೋಯಿತು. ಕನ್ನಡ ಮಾತಾಡುವ ತಾಳವಾಡಿ ಇಂದಿಗೂ ಈರೋಡ್ ಜಿಲ್ಲೆಯಲ್ಲಿದೆ. ಕೊಯಮತ್ತೂರಿನ ಸುತ್ತಲಿನ ದೇವಾಂಗ ನೇಕಾರರ ಎಷ್ಟೋ ಮನೆಗಳಲ್ಲಿ ಒಳಮಾತು ಕನ್ನಡವೇ. ಹೀಗೆ, ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಕೊಳ್ಳೇಗಾಲದಲ್ಲಿ ಕನ್ನಡ ಕಲಿತ ಮಕ್ಕಳೂ ಕಾಂಗೇಯಂನಲ್ಲಿ ತಮಿಳು ಕಲಿತ ಮಕ್ಕಳೂ ಒಂದೇ ಜಿಲ್ಲಾಡಳಿತದ ಕೆಳಗೆ ಅಕ್ಷರ ತಿದ್ದಿದವರು.

ಜಗಲಿಯಿಂದ ಸ್ವಂತ ಸೂರಿಗೆ

ಇಲ್ಲಿ ಶಾಲೆಗಳು ಬ್ರಿಟಿಷರ ಕಾಲದಲ್ಲಿ ಹುಟ್ಟಿದವೇನಲ್ಲ. ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ಕೇಳಿದ ವರದಿಗೆ 1822ರಲ್ಲಿ ಉತ್ತರ ಬರೆದ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್, ತನ್ನ ಜಿಲ್ಲೆಯಲ್ಲಿ 763 ಶಾಲೆಗಳಿವೆ ಎಂದು ಲೆಕ್ಕ ಕೊಟ್ಟಿದ್ದ. ಆದರೆ ಅಂಥ ಶಾಲೆಗೆ ಸ್ವಂತದ ಕಟ್ಟಡ ಇರುತ್ತಿದ್ದದ್ದು ಅಪರೂಪ. ತಮಿಳಿನಲ್ಲಿ ತಿಣ್ಣೈ ಶಾಲೆ, ನಮ್ಮಲ್ಲಿ ಕೂಲಿಮಠ. ಅನುಕೂಲಸ್ಥರ ಮನೆಯ ಜಗಲಿಯಲ್ಲೋ ಗುಡಿಯ ಮಂಟಪದಲ್ಲೋ ಐಗಳು ಮಕ್ಕಳನ್ನು ಕೂರಿಸಿಕೊಂಡು ಮರಳ ಮೇಲೆ ಬೆರಳಾಡಿಸಿ ಕಲಿಸುತ್ತಿದ್ದರು. ಆ ಕಲಿಕೆಯಲ್ಲಿ ಸೊಗಸಿತ್ತು, ಕಂಠಪಾಠದ ಬಲವಿತ್ತು. ಆದರೆ ಜಗಲಿ ಯಾರದೋ ಅವರ ಮಾತೇ ಕೊನೆ. ಯಾರ ಮಗು ಮೆಟ್ಟಿಲು ಹತ್ತಬೇಕು, ಯಾರದು ಬೀದಿಯಲ್ಲೇ ನಿಲ್ಲಬೇಕು ಎಂಬುದನ್ನು ಮನೆಯೊಡೆಯ ತೀರ್ಮಾನಿಸುತ್ತಿದ್ದ.

1884ರ ಸ್ಥಳೀಯ ಮಂಡಳಿಗಳ ಕಾಯ್ದೆಯಿಂದ ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡುಗಳು ಬಂದವು. 1920ರಲ್ಲಿ ಮದ್ರಾಸ್ ಪ್ರಾಥಮಿಕ ಶಿಕ್ಷಣ ಕಾಯ್ದೆಯಾಯಿತು. ಅತ್ತ ಮೈಸೂರು ಸಂಸ್ಥಾನ 1913ರಲ್ಲೇ ಇಂಥ ಕಾನೂನು ತಂದಿತ್ತು. ಜನರ ತೆರಿಗೆಯಿಂದ, ದಾನಿಗಳು ಬಿಟ್ಟುಕೊಟ್ಟ ಜಾಗದಲ್ಲಿ, ಶಾಲೆಗೆಂದೇ ಗೋಡೆಗಳು ಎದ್ದದ್ದು ಈ ಕಾಲದಲ್ಲಿ. ಊರಿನಲ್ಲಿ ಯಾರ ಮನೆಯೂ ಅಲ್ಲದ, ಯಾವ ಜಾತಿಯ ಗುಡಿಯೂ ಅಲ್ಲದ ಒಂದು ಮನೆ ನಿಂತಿತು.

ಬಾಗಿಲು ಎಲ್ಲರಿಗೂ ತಾನಾಗಿ ತೆರೆಯಲಿಲ್ಲ. ಮಂಗಳೂರಿನ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ದಲಿತ ಮಕ್ಕಳಿಗೆ ಬೇರೆಯೇ ಶಾಲೆ ನಡೆಸಬೇಕಾಯಿತು. ಅದಕ್ಕಾಗಿ ಸ್ವಂತ ಸಮುದಾಯದ ಬಹಿಷ್ಕಾರವನ್ನೂ ಉಂಡರು. ಆದರೂ ಸಾರ್ವಜನಿಕ ಹಣದ ಕಟ್ಟಡ ಒಂದು ಹಕ್ಕಿನ ಮಾತಿಗೆ ನೆಲೆ ಕೊಟ್ಟಿತು. ಜಗಲಿಯ ಒಡೆಯನ ಮುಂದೆ ಬೇಡಬೇಕಿತ್ತು. ಬೋರ್ಡು ಶಾಲೆಯ ಮುಂದೆ ನಿಂತು ಕೇಳಬಹುದಿತ್ತು. ಈ ಪುಟ್ಟ ಕಟ್ಟಡಗಳ ನಿಜವಾದ ಪಾರಂಪರಿಕ ಮೌಲ್ಯ ಇರುವುದು ಇಲ್ಲೇ.

ಅನ್ನ, ಗಾರೆ, ದಾಖಲೆ

ದೊಡ್ಡ ಚರಿತ್ರೆ ಸಣ್ಣ ಕೋಣೆಯಲ್ಲಿ ನಡೆದದ್ದಕ್ಕೆ ಮದರಾಸಿನ ಥೌಸಂಡ್ ಲೈಟ್ಸ್ ಬಡಾವಣೆಯ ಕಾರ್ಪೊರೇಷನ್ ಶಾಲೆ ಸಾಕ್ಷಿ. ಸರ್ ಪಿಟ್ಟಿ ತ್ಯಾಗರಾಯ ಚೆಟ್ಟಿಯವರ ಮುಂದಾಳತ್ವದಲ್ಲಿ ನಗರಸಭೆ 1920ರಲ್ಲಿ ಆ ಶಾಲೆಯ ಮಕ್ಕಳಿಗೆ ತಿಂಡಿ ಕೊಡಲು ನಿರ್ಣಯಿಸಿತು. ಮಗುವೊಂದಕ್ಕೆ ದಿನಕ್ಕೆ ಒಂದಾಣೆ ಮೀರಬಾರದು ಎಂಬುದು ಷರತ್ತು. ಆ ಒಂದಾಣೆಯ ದಾರಿ 1956ರಲ್ಲಿ ಕಾಮರಾಜರ ಮಧ್ಯಾಹ್ನದ ಊಟಕ್ಕೆ ಬಂತು. ಮುಂದೆ ಕರ್ನಾಟಕದಲ್ಲಿ ಅಕ್ಷರ ದಾಸೋಹವಾಯಿತು, 2022ರಲ್ಲಿ ತಮಿಳುನಾಡಿನ ಬೆಳಗಿನ ಉಪಾಹಾರವಾಯಿತು.

ಕಟ್ಟಡವೂ ಒಂದು ಪಾಠವೇ. ಸುಣ್ಣದ ಗಾರೆಯ ದಪ್ಪ ಗೋಡೆ, ಬಿಸಿಗಾಳಿ ಹೊರಹೋಗಲು ಮೇಲೆ ಕಿಂಡಿ, ಬಿಸಿಲು ತಡೆಯಲು ಮುಂಚಾಚಿದ ಮಾಡು, ಬೆಳಕಿಗೆ ನಡುನಡುವೆ ಗಾಜಿನ ಹಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಹಂಚಿನ ಉದ್ಯಮ ಮಲಬಾರಿಗೂ ಹಬ್ಬಿತು. ಪಾಲ್ಘಾಟ್ ಕಣಿವೆಯ ರೈಲು ಹಾದಿ ಪಡುವಣ ಕರಾವಳಿಯ ಸರಕನ್ನು ಕೊಯಮತ್ತೂರು ಸುತ್ತಲಿನ ಕೊಂಗುನಾಡಿಗೆ ತಂದಿತು. ಮಳೆ ಕಡಿಮೆ, ಬಿಸಿಲು ಜಾಸ್ತಿಯ ಕಾಂಗೇಯಂ ಸೀಮೆಯಲ್ಲಿ ಫ್ಯಾನಿಲ್ಲದ ಕಾಲದಲ್ಲೂ ಮಧ್ಯಾಹ್ನದ ಪಾಠ ನಡೆಯಲು ಇಂಥ ಕಟ್ಟುವಿಕೆಯೇ ಆಸರೆ. ಕಾದ ಕಾಂಕ್ರೀಟ್ ತಾರಸಿಯ ಕೆಳಗೆ ಬೆವರುವ ಇಂದಿನ ಮಕ್ಕಳಿಗೆ ಈ ವಿವೇಕ ಇನ್ನೂ ಬೇಕು.

ಮೂರನೆಯದು ಬೀರುವಿನಲ್ಲಿರುವ ವಹಿಗಳು. ದಾಖಲಾತಿ ರಿಜಿಸ್ಟರಿನ ಒಂದೊಂದು ಸಾಲಿನಲ್ಲಿ ಮಗುವಿನ ಹೆಸರು, ತಂದೆಯ ಕಸುಬು, ಜಾತಿ, ಶಾಲೆ ಬಿಟ್ಟ ದಿನ ಇರುತ್ತವೆ. ಯಾವ ಕೇರಿಯ ಮೊದಲ ಮಗು ಯಾವ ವರ್ಷ ಒಳಬಂತು, ಮೊದಲ ಹುಡುಗಿ ಯಾರು, ಅವಳು ಯಾವ ತರಗತಿಗೆ ನಿಂತಳು ಎಂಬುದನ್ನು ಶಾಸನಗಳು ಹೇಳವು. ಈ ವಹಿ ಹೇಳುತ್ತದೆ. ಕಟ್ಟಡ ಕೆಡವುವ ಗಡಿಬಿಡಿಯಲ್ಲಿ ಗುಜರಿಗೆ ಹೋಗುವ ಅಪಾಯ ಮೊದಲು ಇವುಗಳಿಗೇ.

ಸುರಕ್ಷತೆಯೂ ಬೇಕು, ನೆನಪೂ ಬೇಕು

ಹಳೆಯದೆಂದ ಮಾತ್ರಕ್ಕೆ ಎಲ್ಲವನ್ನೂ ಉಳಿಸಿ ಎನ್ನುವುದು ಸುಲಭ. ಮಕ್ಕಳ ಜೀವದ ಮುಂದೆ ಆ ಮಾತು ನಿಲ್ಲದು. 2004ರ ಜುಲೈ 16ರಂದು ಕುಂಭಕೋಣದ ಶಾಲೆಯಲ್ಲಿ ಗರಿಯ ಸೂರಿಗೆ ಬೆಂಕಿ ಬಿದ್ದು 94 ಮಕ್ಕಳು ಸತ್ತರು. 2021ರ ಡಿಸೆಂಬರಿನಲ್ಲಿ ತಿರುನೆಲ್ವೇಲಿಯ ಶಾಲೆಯೊಂದರ ಶೌಚಾಲಯದ ಗೋಡೆ ಕುಸಿದು ಮೂವರು ವಿದ್ಯಾರ್ಥಿಗಳು ತೀರಿಕೊಂಡರು. ಅದಾದ ಮೇಲೆ ರಾಜ್ಯದುದ್ದಕ್ಕೂ ಶಿಥಿಲ ಶಾಲಾ ಕಟ್ಟಡಗಳನ್ನು ಗುರುತಿಸಿ ಕೆಡವುವ ಕೆಲಸ ಬಿರುಸಾಯಿತು. ಅದು ಆಗಲೇಬೇಕಿತ್ತು. ಆದರೆ ಹಳತು ಬೇರೆ, ಶಿಥಿಲ ಬೇರೆ. ನೆಟ್ಟಗೆ ನಿಂತ ನೂರು ವರ್ಷದ ಗೋಡೆಗೂ ನಿನ್ನೆ ಮೊನ್ನೆಯ ಕಳಪೆ ಗೋಡೆಗೂ ಒಂದೇ ಕೆಂಪು ಗುರುತು ಹಾಕುವುದು ಸಲ್ಲದು. ಸುಣ್ಣದ ಗಾರೆ ಬಲ್ಲ ಎಂಜಿನಿಯರು ನೋಡಿ ಹೇಳಬೇಕು. ಒಡೆದ ಹಂಚನ್ನು ಐಪ್ಪಸಿ ತಿಂಗಳ ಹಿಂಗಾರು ಮಳೆಗೆ ಮುಂಚೆ ಬದಲಿಸಿದರೆ, ಗೆದ್ದಲು ಹಿಡಿದ ತೊಲೆ ತೆಗೆದು ಬೇರೆ ಕೂರಿಸಿದರೆ, ಸುಣ್ಣದ ಗೋಡೆಗೆ ಸಿಮೆಂಟು ಬಳಿದು ತೇವ ಕಟ್ಟಿಹಾಕದಿದ್ದರೆ ಇಂಥ ಕಟ್ಟಡ ಇನ್ನೂ ತಲೆಮಾರುಗಟ್ಟಲೆ ಬಾಳುತ್ತದೆ.

ಕಾನೂನಿನ ಕಣ್ಣು ಇವುಗಳ ಮೇಲೆ ಬೀಳುವುದು ಕಷ್ಟ. 1958ರ ಕೇಂದ್ರದ ಪ್ರಾಚೀನ ಸ್ಮಾರಕಗಳ ಕಾಯ್ದೆ ನೂರು ವರ್ಷದ ಜೊತೆಗೆ ರಾಷ್ಟ್ರೀಯ ಮಹತ್ವವನ್ನೂ ಕೇಳುತ್ತದೆ. ಕೇರಿಯ ಶಾಲೆ ಅದನ್ನು ಎಲ್ಲಿಂದ ತಂದೀತು? ಬೇರೆ ದಾರಿಯೂ ಇದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಶಿಕ್ಷಣತಜ್ಞ ಬುಕರ್ ಟಿ. ವಾಷಿಂಗ್ಟನ್ ಅವರ ಯೋಚನೆ, ಉದ್ಯಮಿ ಜೂಲಿಯಸ್ ರೋಸೆನ್ವಾಲ್ಡ್ ಅವರ ನಿಧಿ, ಕಪ್ಪು ಜನರ ದುಡ್ಡು ಮತ್ತು ದುಡಿಮೆ ಸೇರಿ 1932ರ ಹೊತ್ತಿಗೆ ಕಪ್ಪು ಮಕ್ಕಳಿಗಾಗಿ ಐದು ಸಾವಿರದಷ್ಟು ಪುಟ್ಟ ಶಾಲೆಗಳಾಗಿದ್ದವು. ಅವೂ ಸಾದಾ ಕಟ್ಟಡಗಳೇ, ಹೆಚ್ಚಿನವು ಮರದವು. 2002ರಲ್ಲಿ ಅವನ್ನು ಇಡೀ ಗುಂಪಾಗಿ ಅಪಾಯದಲ್ಲಿರುವ ಪರಂಪರೆ ಎಂದು ಸಾರಿದ ಮೇಲೆ ಉಳಿಸುವ ಕೆಲಸಕ್ಕೆ ಬಲ ಬಂತು. ಬಿಡಿಯಾಗಿ ನೋಡಿದರೆ ಸಣ್ಣದೆನಿಸಿದ್ದು ಒಟ್ಟಾಗಿ ನೋಡಿದಾಗ ಒಂದು ಜನಾಂಗದ ಕಥೆಯಾಯಿತು.

ಹಳೆಯ ಕೊಯಮತ್ತೂರು ಜಿಲ್ಲೆಯ ಶಾಲೆಗಳನ್ನೂ, ಕಾಂಗೇಯಂನಿಂದ ಕೊಳ್ಳೇಗಾಲದವರೆಗೆ, ಹೀಗೆ ಒಂದು ಕುಟುಂಬವಾಗಿ ಪಟ್ಟಿ ಮಾಡಬಹುದು. ಎರಡೂ ರಾಜ್ಯಗಳ ಶಿಕ್ಷಣ ಇಲಾಖೆಗಳ ಬಳಿ ಪ್ರತಿ ಶಾಲೆಯ ಸ್ಥಾಪನೆಯ ವರ್ಷವಿದೆ. ಪಟ್ಟಿ ಅಲ್ಲಿಂದಲೇ ಶುರುವಾಗಲಿ. ಕಾಂಗೇಯಂ ತಳಿ ಉಳಿದದ್ದು ಕೊರಂಗಾಡು ಎಂಬ ಹುಲ್ಲುಗಾವಲಿನ ಮುಳ್ಳುಬೇಲಿಯೊಳಗೆ ಮೇಯುತ್ತಾ, ನೊಗ ಹೊರುತ್ತಾ; ಶಾಲೆಯ ಕಟ್ಟಡ ಉಳಿಯುವುದೂ ಮಕ್ಕಳ ಬಳಕೆಯಲ್ಲೇ. ತರಗತಿಗೆ ಸಾಲದಾದರೆ ವಾಚನಾಲಯವಾಗಲಿ, ಅಂಗನವಾಡಿಯಾಗಲಿ. ವಹಿಗಳ ಪ್ರತಿ ತೆಗೆದು ಜಿಲ್ಲಾ ಗ್ರಂಥಾಲಯದಲ್ಲಿಡಲಿ. ಶತಮಾನೋತ್ಸವದ ವೇದಿಕೆ ಹತ್ತುವ ಹಳೆ ವಿದ್ಯಾರ್ಥಿಗಳು ಹೊಸ ಕಮಾನಿಗೆ ಚಂದಾ ಎತ್ತುವ ಮೊದಲು ಹಳೆಯ ಮಾಡಿನ ದುರಸ್ತಿಗೆ ಎತ್ತಲಿ. ನಮ್ಮ ಅಜ್ಜ ಅಜ್ಜಿಯರ ಎದುರು ಊರು ಮೊದಲ ಸಲ ತೆರೆದ ಬಾಗಿಲು ಅದು. ಅದನ್ನು ಗಟ್ಟಿಯಾಗಿ ನಿಲ್ಲಿಸುವ ಹೊಣೆ ಓದು ಕಲಿತ ನಮ್ಮದು.